ಓಣಿಯ ವೇಗಕ್ಕೆ ಕಡಿವಾಣ: ಖರ್ಚು ಯಾರ ಪಾಲಿಗೆ?

ಹುಬ್ಬಳ್ಳಿಯ ಬೆಂಗೇರಿ ಎಂದರೆ ದೇಶಕ್ಕೆ ನೆನಪಾಗುವುದು ರಾಷ್ಟ್ರಧ್ವಜ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣ ಇರುವುದು ಇಲ್ಲಿ. ಭಾರತೀಯ ಮಾನಕ ಬ್ಯೂರೊ ಮನ್ನಣೆ ಪಡೆದ ಖಾದಿ ಧ್ವಜ ಸಿದ್ಧವಾಗುವುದೂ ಇಲ್ಲಿಯೇ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಕೆಲಸಕ್ಕೆ ಬರುವವರು, ಶಾಲೆಗೆ ಹೋಗುವ ಮಕ್ಕಳು, ವಾರದ ಸಂತೆಗೆ ಚೀಲ ಹಿಡಿದು ಹೊರಟ ಹಿರಿಯರು ಎಲ್ಲರೂ ನಡೆದಾಡುವುದು ಒಂದೇ ಓಣಿಗಳಲ್ಲಿ. ಊರಾಗಿದ್ದ ಬೆಂಗೇರಿ ನಗರದೊಳಗೆ ಸೇರಿದ ಮೇಲೆ ಆ ಓಣಿಗಳಿಗೆ ಬೈಕು, ಆಟೊ, ಟಂಟಂ, ಕಾರುಗಳೂ ಬಂದವು. ಓಣಿಯ ಅಗಲ ಮಾತ್ರ ಹೆಚ್ಚಲಿಲ್ಲ.

ಇಂಥ ಬಡಾವಣೆಗಳಲ್ಲೆಲ್ಲ ಪಾಲಿಕೆ ಸದಸ್ಯರ ಮುಂದೆ ಬರುವ ಬೇಡಿಕೆ ಒಂದೇ: ‘ನಮ್ಮ ಓಣಿಗೆ ಒಂದು ಹಂಪ್ಸ್ ಹಾಕಿಸಿಕೊಡ್ರಿ.’ ಬೇಡಿಕೆ ನ್ಯಾಯವಾದದ್ದು. ಆದರೆ ಅದರ ಹಿಂದೆ ಎರಡು ದೊಡ್ಡ ಪ್ರಶ್ನೆಗಳಿವೆ. ಓಣಿಯ ವೇಗ ತಗ್ಗಿಸುವ ಸರಿಯಾದ ಕ್ರಮ ಯಾವುದು? ಅದರ ಖರ್ಚನ್ನು ಯಾರು ಹೊರಬೇಕು? ಎರಡನೆಯ ಪ್ರಶ್ನೆಗೆ ಕೆಲವು ದೇಶಗಳು ಕಂಡುಕೊಂಡ ಉತ್ತರವೆಂದರೆ, ಆ ಬೀದಿಯ ಆಸ್ತಿ ಮಾಲೀಕರಿಂದಲೇ ವಂತಿಗೆ ಎತ್ತುವುದು. ಆ ಪದ್ಧತಿ ಏನು, ನಮ್ಮ ಕಾನೂನಿನಲ್ಲಿ ಅದಕ್ಕೆ ಜಾಗವಿದೆಯೇ, ಬೆಂಗೇರಿಯಂಥ ಬಡಾವಣೆಗೆ ಅದು ಹಿತವೇ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಓಣಿಯ ಅಂದಕ್ಕೆ ಮಾಲೀಕರಿಂದ ಹಣ ಕೇಳಬಹುದು, ಓಣಿಯಲ್ಲಿ ನಡೆಯುವವರ ಜೀವರಕ್ಷಣೆಗೆ ಕೇಳಕೂಡದು.

ವೇಗ ತಗ್ಗಿಸುವುದೆಂದರೆ

ಸಂಚಾರ ಪೊಲೀಸರನ್ನು ನಿಲ್ಲಿಸದೆ, ದಂಡ ಹಾಕದೆ, ರಸ್ತೆಯ ರೂಪದಿಂದಲೇ ವಾಹನ ನಿಧಾನವಾಗುವಂತೆ ಮಾಡುವುದು ಈ ವಿದ್ಯೆ. ಉಬ್ಬು, ಅಂದರೆ ಜನ ಕೇಳುವ ಹಂಪ್ಸ್, ಅದರ ಒಂದು ಸಾಧನ ಅಷ್ಟೇ. ಓಣಿಯ ಬಾಯಿಯನ್ನು ಕಿರಿದು ಮಾಡುವುದು, ಕೂಡುರಸ್ತೆಯಲ್ಲಿ ಸಣ್ಣ ವೃತ್ತ ಕಟ್ಟುವುದು, ಶಾಲೆಯ ಮುಂದೆ ದಾಟುವ ಜಾಗವನ್ನು ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸುವುದು, ನೇರ ದಾರಿಗೆ ಒಂದೆರಡು ತಿರುವು ಕೊಡುವುದು ಕೂಡ ಇದರಲ್ಲಿ ಸೇರುತ್ತವೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ 1960ರ ದಶಕದ ಕೊನೆಗೆ ನಿವಾಸಿಗಳ ಒತ್ತಾಯದಿಂದ ಇಂಥ ಬೀದಿಗಳು ರೂಪುಗೊಂಡವು. 1976ರಲ್ಲಿ ಆ ದೇಶ ಅವಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಅಲ್ಲಿ ವಾಹನ ನಡಿಗೆಯ ವೇಗಕ್ಕೆ ಇಳಿಯಬೇಕು. ಮಕ್ಕಳು ಬೀದಿಯಲ್ಲಿ ಆಡಬಹುದು.

ವೇಗ ಇಳಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಗಣಿತ ಬೇಕಿಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿನಲ್ಲಿ 8 ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತದೆ. 50ರ ವೇಗದಲ್ಲಿ ಸುಮಾರು 14 ಮೀಟರ್. ಮಗುವೊಂದು ಚೆಂಡಿನ ಹಿಂದೆ ಓಡಿಬಂದಾಗ ಚಾಲಕ ಕಂಡು ಬ್ರೇಕ್ ಒತ್ತುವ ಮೊದಲೇ ಅಷ್ಟು ದೂರ ಕಳೆದುಹೋಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವಿನ ಅಪಘಾತದ ಸಂಭವ ಶೇ 4ರಷ್ಟು ಹೆಚ್ಚುತ್ತದೆ. ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ ವೇಗ 50ರಿಂದ 65ಕ್ಕೆ ಏರಿದಾಗ ನಾಲ್ಕೂವರೆ ಪಟ್ಟಾಗುತ್ತದೆ. ಹೀಗಾಗಿಯೇ 2020ರ ಸ್ಟಾಕ್‌ಹೋಮ್ ಘೋಷಣೆ, ಜನ ಮತ್ತು ವಾಹನ ಬೆರೆಯುವ ರಸ್ತೆಗಳಲ್ಲಿ 30 ಕಿ.ಮೀ. ಮಿತಿ ಇರಲಿ ಎಂದಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆ ನಗರ ಮಿತಿಯೊಳಗಿನ ರಸ್ತೆಗಳಲ್ಲಿ ಕಾರಿಗೆ 70, ಬೈಕಿಗೆ 60 ಕಿ.ಮೀ. ಗರಿಷ್ಠ ವೇಗ ಗೊತ್ತುಮಾಡಿದೆ. ಅಗತ್ಯವಿದ್ದಲ್ಲಿ ಅದನ್ನು ಇಳಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯಂತೆ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ಇದೆ. ಓಣಿಗಳಿಗೆ ಆ ಅಧಿಕಾರ ಬಳಕೆಯಾಗಬೇಕು.

ಉಬ್ಬಿಗೂ ಒಂದು ಅಳತೆಯಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 99ನೇ ಸಂಖ್ಯೆಯ ಮಾರ್ಗಸೂಚಿಯಂತೆ ದುಂಡನೆಯ ಉಬ್ಬು 10 ಸೆಂ.ಮೀ. ಎತ್ತರವಿದ್ದು, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಹರಡಿರಬೇಕು. ಆಗ 25 ಕಿ.ಮೀ. ವೇಗದಲ್ಲಿ ಸಾಗುವವರಿಗೆ ಅದರಿಂದ ತೊಂದರೆಯಾಗುವುದಿಲ್ಲ. ಬಣ್ಣದ ಪಟ್ಟೆ ಇರಬೇಕು, ಸುಮಾರು 40 ಮೀಟರ್ ಮೊದಲೇ ಸೂಚನಾ ಫಲಕ ಕಾಣಬೇಕು. ನಮ್ಮ ಓಣಿಗಳಲ್ಲಿ ಮನೆ ಕಟ್ಟಿ ಉಳಿದ ಸಿಮೆಂಟಿನಿಂದ ರಾತ್ರೋರಾತ್ರಿ ಏಳುವ ಗಿಡ್ಡ, ಕಡಿದಾದ ದಿಬ್ಬಗಳಿಗೆ ಇದಾವುದೂ ಇರುವುದಿಲ್ಲ. ಹಿಂದೆ ಕುಳಿತ ವಯಸ್ಸಾದವರ ಬೆನ್ನು ಅದಕ್ಕೆ ಬಲಿಯಾಗುತ್ತದೆ. ಕತ್ತಲಲ್ಲಿ ಬೈಕು ಹಾರುತ್ತದೆ. ಆಂಬುಲೆನ್ಸ್‌ನಲ್ಲಿರುವ ರೋಗಿ ನರಳುತ್ತಾನೆ. ಮಳೆಗಾಲದಲ್ಲಿ ಅದರ ಹಿಂದೆ ನೀರು ನಿಂತು ಡಾಂಬರು ಕೀಳುತ್ತದೆ. ಸರಿಯಾದ ಕೆಲಸಕ್ಕೆ ಸಮೀಕ್ಷೆ, ವಿನ್ಯಾಸ, ನೀರು ಹರಿಯುವ ದಾರಿ, ಫಲಕ, ವರ್ಷವರ್ಷ ಬಣ್ಣ ಎಲ್ಲವೂ ಬೇಕು. ಅಂದರೆ ಹಣ ಬೇಕು.

ಮಾಲೀಕರ ವಂತಿಗೆ ಹೇಗೆ ನಡೆಯುತ್ತದೆ

ಅಮೆರಿಕದಲ್ಲಿ ಈ ಪದ್ಧತಿಗೆ ನೂರಾರು ವರ್ಷಗಳ ಬೇರಿದೆ. ಬೀದಿಗೆ ಕಲ್ಲು ಹಾಸುವುದು, ಚರಂಡಿ ಕಟ್ಟುವುದು, ದೀಪ ಹಾಕುವುದು ಇವೆಲ್ಲ ಅಲ್ಲಿ ಬೀದಿಯ ಎರಡೂ ಬದಿಯ ಮಾಲೀಕರ ಮೇಲೆ ಹಂಚಿಕೆಯಾಗುತ್ತಿದ್ದವು. ಕೆಲಸದಿಂದ ಅವರ ಆಸ್ತಿಯ ಬೆಲೆ ಏರುತ್ತದೆ, ಆದ್ದರಿಂದ ಖರ್ಚಿನ ಪಾಲೂ ಅವರದು ಎಂಬುದು ಅದರ ತರ್ಕ. ವೇಗ ತಗ್ಗಿಸುವ ಕೆಲಸಕ್ಕೂ ಕೆಲವು ಕಡೆ ಇದೇ ದಾರಿ ಬಳಕೆಗೆ ಬಂದಿದೆ. ಜಾರ್ಜಿಯಾ ರಾಜ್ಯದ ಕೆಲವು ಕೌಂಟಿಗಳಲ್ಲಿ ಬೀದಿಯ ಬಹುಪಾಲು ಮಾಲೀಕರು ಅರ್ಜಿಗೆ ಸಹಿ ಹಾಕಿದರೆ ಉಬ್ಬು ಹಾಕುತ್ತಾರೆ. ಬಳಿಕ ಆ ಬೀದಿಯ ಮನೆಗಳ ತೆರಿಗೆ ಬಿಲ್ಲಿನಲ್ಲಿ ವರ್ಷಕ್ಕೊಂದು ಸಣ್ಣ ಶುಲ್ಕ ಸೇರುತ್ತದೆ. ಮಿನೆಸೋಟಾದ ಕಾನೂನಿನಲ್ಲಿ ಒಂದು ಬಿಗಿ ಕಟ್ಟಳೆಯಿದೆ: ಕೆಲಸದಿಂದ ಆಸ್ತಿಯ ಮಾರುಕಟ್ಟೆ ಬೆಲೆ ಎಷ್ಟು ಏರಿತೋ ಅದಕ್ಕಿಂತ ಹೆಚ್ಚು ಹಣವನ್ನು ಮಾಲೀಕರಿಂದ ಕೇಳುವಂತಿಲ್ಲ. ವಸೂಲಿಗೆ ಮೊದಲು ಬಹಿರಂಗ ವಿಚಾರಣೆ ನಡೆಯಬೇಕು. ಹಣವನ್ನು ಹಲವು ವರ್ಷಗಳ ಕಂತಿನಲ್ಲಿ ಕಟ್ಟಬಹುದು.

ಹಂಚಿಕೆಯ ಕ್ರಮ ತಿಳಿಯಲು ಬೆಂಗೇರಿಯಲ್ಲೇ ಒಂದು ಓಣಿಯನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ಓಣಿಯಲ್ಲಿ 60 ಆಸ್ತಿಗಳಿವೆ, ಕೆಲಸದ ಖರ್ಚು 3 ಲಕ್ಷ ರೂಪಾಯಿ. ತಲಾ ಸಮ ಎಂದರೆ ಪ್ರತಿ ಆಸ್ತಿಗೆ 5,000. ಲೆಕ್ಕ ಸುಲಭ. ಆದರೆ ಎರಡು ಕೋಣೆಯ ಹೆಂಚಿನ ಮನೆಗೂ ಮೂರು ಮಹಡಿಯ ಕಟ್ಟಡಕ್ಕೂ ಒಂದೇ ಪಾಲು ಬೀಳುತ್ತದೆ. ರಸ್ತೆಗೆ ತಾಗಿದ ಮುಖದ ಅಳತೆ ಹಿಡಿದರೆ ಬೇರೆ ಚಿತ್ರ. ಎರಡೂ ಬದಿ ಸೇರಿ 2,000 ಅಡಿ ಎಂದರೆ ಅಡಿಗೆ 150 ರೂಪಾಯಿ. 30 ಅಡಿ ಸೈಟಿನವರಿಗೆ 4,500, 60 ಅಡಿಯವರಿಗೆ 9,000. ಐದು ವರ್ಷಕ್ಕೆ ಹಂಚಿದರೆ 30 ಅಡಿಯವರಿಗೆ ತಿಂಗಳಿಗೆ 75 ರೂಪಾಯಿ. ಇಲ್ಲಿ ಮೂಲೆ ಸೈಟಿನವರು ಎರಡು ಬೀದಿಗೂ ಕಟ್ಟಬೇಕಾಗಿ ಬರುತ್ತದೆ. ಮೂರನೆಯ ದಾರಿ ಬಳಕೆಯ ಮೇಲೆ ಹಂಚುವುದು: ಮದುವೆ ಮಂಟಪ, ಗೋದಾಮು, ವಾಣಿಜ್ಯ ಸಂಕೀರ್ಣ ಓಣಿಗೆ ಹೆಚ್ಚು ವಾಹನ ಕರೆಯುತ್ತವೆ, ಹೆಚ್ಚು ಪಾಲು ಅವು ಕೊಡಬೇಕು. ಮೂರರಲ್ಲಿ ಹೆಚ್ಚು ನ್ಯಾಯದ್ದು ಇದೇ ಎಂದು ನನಗನಿಸುತ್ತದೆ.

ನಮ್ಮ ನೆಲದಲ್ಲಿ ಇದಕ್ಕೆ ಬೇರಿದೆಯೇ

ಕೂಡಿ ಹಣ ಹಾಕಿ ಊರಿನ ಕೆಲಸ ಮಾಡುವುದು ನಮಗೆ ಹೊರಗಿನಿಂದ ಬಂದ ಬುದ್ಧಿಯಲ್ಲ. ಐಹೊಳೆಯ ಐನೂರ್ವರು ಎಂಬ ವರ್ತಕರ ಸಂಘ ತನ್ನ ಸರಕಿನ ಮೇಲೆ ತಾನೇ ಸುಂಕ ವಿಧಿಸಿಕೊಂಡು ಧರ್ಮಕಾರ್ಯಕ್ಕೆ ಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ಯಾವ ಹೇರಿಗೆ ಎಷ್ಟು ಎಂಬುದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆಸಿಟ್ಟರು. ಇಂದಿಗೂ ಹುಬ್ಬಳ್ಳಿಯ ಓಣಿಗಳಲ್ಲಿ ಗಣಪತಿ ಕೂರಿಸಲು, ಜಾತ್ರೆ ಮಾಡಲು ಪಟ್ಟಿ ಎತ್ತುತ್ತಾರೆ. ಯಾರು ಎಷ್ಟು ಕೊಟ್ಟರೆಂದು ಫಲಕದಲ್ಲಿ ಬರೆಯುತ್ತಾರೆ. ಲೆಕ್ಕ ಕಣ್ಣೆದುರಿಗಿದ್ದರೆ ನಮ್ಮ ಜನ ಕೊಡುತ್ತಾರೆ.

ಕಾನೂನಿನಲ್ಲೂ ಇದರ ಸಮೀಪದ ದಾರಿಗಳಿವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಮಿನಂತೆ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆಗಾಗಿ ಭೂ ಅಭಿವೃದ್ಧಿಯ ಹೊತ್ತಿನಲ್ಲಿ ಮಾಲೀಕರಿಂದ ಉಪಕರ ಪಡೆಯಬಹುದು. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಖಾಸಗಿ ಬೀದಿಗಳನ್ನು ಸರಿಪಡಿಸುವ ಹೊಣೆಯನ್ನು ಅಕ್ಕಪಕ್ಕದ ಮಾಲೀಕರ ಮೇಲೆ ಹೊರಿಸಲು ಅವಕಾಶ ಕೊಡುತ್ತದೆ. ನಮ್ಮ ಮನೆಪಟ್ಟಿಯ ಜೊತೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷಾಟನೆ ನಿಷೇಧದ ಲೆಕ್ಕಕ್ಕೆ ಶೇ 3 ಉಪಕರ ಸೇರುತ್ತದೆ. ಆದರೆ ಸಾರ್ವಜನಿಕ ಓಣಿಯೊಂದರ ವೇಗ ತಗ್ಗಿಸಲೆಂದೇ ಆ ಓಣಿಯವರಿಂದ ಹಣ ಎತ್ತುವ ಪ್ರತ್ಯೇಕ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ.

ರಾಜ್ಯದಲ್ಲಿ ಇದಕ್ಕೆ ಅತಿ ಹತ್ತಿರದ ಉದಾಹರಣೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ. 2013ರಲ್ಲಿ ಅಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ರಚನೆಯಾಯಿತು. ಅಲ್ಲಿನ ಸಂಸ್ಥೆಗಳು ಕಟ್ಟುವ ಆಸ್ತಿ ತೆರಿಗೆಯನ್ನು ಪ್ರಾಧಿಕಾರವೇ ಪಡೆದು ಅದರ ಬಹುಪಾಲನ್ನು ಅಲ್ಲಿನ ರಸ್ತೆ, ಪಾದಚಾರಿ ಮಾರ್ಗ, ಸಂಚಾರ ವ್ಯವಸ್ಥೆಗೆ ಖರ್ಚು ಮಾಡುತ್ತದೆ. ಕಟ್ಟಿದ ಹಣ ಕಣ್ಣೆದುರಿನ ಕೆಲಸವಾಗಿ ಮರಳಿದರೆ ಎಷ್ಟು ಬದಲಾವಣೆ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅಲ್ಲಿ ಕಟ್ಟುವವರು ದೊಡ್ಡ ಕಂಪನಿಗಳು. ಬೆಂಗೇರಿಯಲ್ಲಿ ಕಟ್ಟಬೇಕಾದವರು ನೇಕಾರರು, ಪಿಂಚಣಿದಾರರು, ಕಿರಾಣಿ ಅಂಗಡಿಯವರು, ಸಾಲ ಮಾಡಿ ಮನೆ ಕಟ್ಟಿದವರು.

ಯಾವ ದಾರಿ ಹಿಡಿದರೂ ಎರಡು ಗೆರೆ ದಾಟುವಂತಿಲ್ಲ. ಸಂವಿಧಾನದ 265ನೇ ವಿಧಿ ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು ಎನ್ನುತ್ತದೆ. ಆದ್ದರಿಂದ ಪಾಲಿಕೆ ಸದಸ್ಯರು ಬಾಯಿಮಾತಿನಲ್ಲಿ ‘ಮನೆಗೆ ಇಷ್ಟು ಕೊಡ್ರಿ’ ಎಂದು ಕಡ್ಡಾಯ ಮಾಡಲಾಗದು. ಎರಡನೆಯ ಗೆರೆಯನ್ನು ಎಳೆದದ್ದು ಉಡುಪಿಯ ಶಿರೂರು ಮಠದ ಪ್ರಕರಣ. 1954ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ತೆರಿಗೆ ಮತ್ತು ಶುಲ್ಕದ ಅಂತರವನ್ನು ವಿವರಿಸಿತು: ತೆರಿಗೆ ಎಲ್ಲರ ಹೊರೆ, ಶುಲ್ಕ ಕೊಟ್ಟವರಿಗೆ ಸಿಗುವ ಸೇವೆಯ ಬೆಲೆ. ಶುಲ್ಕದ ಹಣವನ್ನು ಆ ಸೇವೆಗೆಂದೇ ಬೇರೆ ಇಡಬೇಕು, ಸಾಮಾನ್ಯ ಬೊಕ್ಕಸದಲ್ಲಿ ಕರಗಿಸಬಾರದು. ಮುಂದಿನ ತೀರ್ಪುಗಳು ಈ ನಿಯಮವನ್ನು ಕೊಂಚ ಸಡಿಲಿಸಿದರೂ ಅದರ ತಿರುಳು ಉಳಿದಿದೆ. ಓಣಿಯ ಹೆಸರಿನಲ್ಲಿ ಎತ್ತಿದ ಹಣ ಓಣಿಯ ಖಾತೆಯಲ್ಲೇ ಇರಬೇಕು. ಗ್ರಂಥಾಲಯ ಉಪಕರವನ್ನು ಸಂಗ್ರಹಿಸಿದ ನಗರ ಸಂಸ್ಥೆಗಳು ಅದನ್ನು ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡ ಸುದ್ದಿಗಳನ್ನು ಓದಿದವರಿಗೆ ಈ ಮಾತಿನ ತೂಕ ಗೊತ್ತು.

ನ್ಯಾಯದ ತಕ್ಕಡಿಯಲ್ಲಿ

ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿದ 218ನೇ ಪ್ರಸ್ತಾವ ಈ ಚರ್ಚೆಗೆ ಬಹಳ ಉಪಯುಕ್ತ. ಅದರಂತೆ ಯಾವುದೇ ಕೆಲಸದ ಲಾಭವನ್ನು ಎರಡಾಗಿ ಒಡೆಯಬೇಕು. ಆ ಬೀದಿಯ ಆಸ್ತಿಗೆ ಮಾತ್ರ ಸಿಗುವ ವಿಶೇಷ ಲಾಭ ಒಂದು, ಎಲ್ಲರಿಗೂ ಸಿಗುವ ಸಾಮಾನ್ಯ ಲಾಭ ಇನ್ನೊಂದು. ಮಾಲೀಕರಿಂದ ಹಣ ಕೇಳಬಹುದಾದದ್ದು ಮೊದಲನೆಯದಕ್ಕೆ ಮಾತ್ರ. ಈ ಒರೆಗಲ್ಲಿಗೆ ಬೆಂಗೇರಿಯ ಓಣಿಯನ್ನು ತಿಕ್ಕಿ ನೋಡಿ. ವೇಗ ಇಳಿದರೆ ಉಳಿಯುವ ಜೀವ ಯಾರದು? ಖಾದಿ ಕೇಂದ್ರಕ್ಕೆ ನಡೆದು ಬರುವ ಹೆಣ್ಣುಮಗಳದು, ಗೋಪನಕೊಪ್ಪದಿಂದ ಶಾಲೆಗೆ ಬರುವ ಮಗುವಿನದು, ಕುಸುಗಲ್ ಕಡೆಯಿಂದ ಸಂತೆಗೆ ಕಾಯಿಪಲ್ಯ ತಂದ ರೈತನದು. ಅವರಾರೂ ಆ ಓಣಿಯ ಮಾಲೀಕರಲ್ಲ. ಆ ಲಾಭ ಎಲ್ಲರದು, ಖರ್ಚೂ ಎಲ್ಲರದಾಗಬೇಕು.

ಅಪಾಯ ತಂದವರು ಯಾರು ಎಂದು ಕೇಳಿದರೂ ಉತ್ತರ ಅದೇ. ಮುಖ್ಯರಸ್ತೆಯ ದಟ್ಟಣೆ ತಪ್ಪಿಸಲು ಕೇಶ್ವಾಪುರದ ಕಡೆಯಿಂದ ಒಳದಾರಿ ಹಿಡಿದವರ ವೇಗಕ್ಕೆ ಓಣಿಯ ಮನೆಯವರು ದಂಡ ತೆರುವುದು ಯಾವ ನ್ಯಾಯ? ಆ ವಾಹನಗಳ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗಿದೆ. ವೇಗಮಿತಿ ಮೀರಿದವರ ದಂಡವೂ ಸರ್ಕಾರಕ್ಕೇ ಹೋಗುತ್ತದೆ. ಆ ಹಣದ ಒಂದು ಪಾಲು ಅಪಾಯ ಹೊತ್ತ ಓಣಿಗಳಿಗೆ ಮರಳಬೇಕು.

ಇನ್ನೊಂದು ಆತಂಕ ಇದಕ್ಕಿಂತ ದೊಡ್ಡದು. ಮಾಲೀಕರ ಸಹಿ ಮತ್ತು ಹಣದ ಮೇಲೆ ಸುರಕ್ಷತೆ ನಿಂತರೆ ಉಳ್ಳವರ ಬಡಾವಣೆ ಮೊದಲು ಸಹಿ ಹಾಕುತ್ತದೆ, ಮೊದಲು ಕಟ್ಟುತ್ತದೆ, ಮೊದಲು ಉಬ್ಬು ಪಡೆಯುತ್ತದೆ. ಅಲ್ಲಿ ತಡೆದ ವಾಹನ ಪಕ್ಕದ ಓಣಿಗೆ ನುಗ್ಗುತ್ತದೆ. ಆ ಪಕ್ಕದ ಓಣಿ ಹೆಚ್ಚಾಗಿ ಬಾಡಿಗೆದಾರರದು, ಕೂಲಿಕಾರರದು, ಮನೆಯ ಮುಂದೆಯೇ ಮಕ್ಕಳು ಆಡಬೇಕಾದ ಜಾಗ. ಅಲ್ಲಿ ವಾಸಿಸುವವರಿಗೆ ಮಾಲೀಕತ್ವವಿಲ್ಲ, ಆದ್ದರಿಂದ ಸಹಿಯ ಹಕ್ಕಿಲ್ಲ. ಮಾಲೀಕ ಬೇರೆ ಊರಿನಲ್ಲಿದ್ದರೆ ಅವನಿಗೆ ಆಸಕ್ತಿಯಿಲ್ಲ. ಕೊನೆಗೆ ಹಣವಿದ್ದ ಓಣಿಯ ಅಪಾಯವನ್ನು ಹಣವಿಲ್ಲದ ಓಣಿ ಹೊರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮತದ ತೂಕವೇ ಕಟ್ಟುವ ಮೊತ್ತಕ್ಕೆ ತಕ್ಕಂತೆ ಇರುತ್ತದೆ. ಆ ಭಾಗವನ್ನು ನಾವು ಯಾವ ಕಾರಣಕ್ಕೂ ಅನುಸರಿಸಬಾರದು.

ಬೆಂಗೇರಿಗೆ ಒಪ್ಪುವ ದಾರಿ

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಓಣಿಗೊಂದು ಉಬ್ಬಿನ ಬೇಡಿಕೆ ಬಿಟ್ಟು ಇಡೀ ಬೆಂಗೇರಿಗೆ ಒಂದೇ ಯೋಜನೆ ಕೇಳಬೇಕು. ಯಾವುದು ಸಾಗುವ ರಸ್ತೆ, ಯಾವುದು ವಾಸದ ಓಣಿ ಎಂದು ನಕ್ಷೆಯಲ್ಲಿ ಗುರುತಿಸಬೇಕು. ವಾಸದ ಓಣಿಗಳಿಗೆಲ್ಲ 30 ಕಿ.ಮೀ. ಮಿತಿ ಘೋಷಿಸಿ, ಶಾಲೆ, ಸಂತೆ, ಖಾದಿ ಕೇಂದ್ರದ ಸುತ್ತ ಮೊದಲು ಕೆಲಸ ಆರಂಭಿಸಬೇಕು. ಒಂದು ಓಣಿಯ ವಾಹನ ಇನ್ನೊಂದಕ್ಕೆ ನುಗ್ಗದಂತೆ ತಡೆಯುವ ದಾರಿ ಇದೊಂದೇ.

ಎರಡನೆಯದಾಗಿ, ಸುರಕ್ಷತೆಯ ಮೂಲ ಖರ್ಚನ್ನು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯೇ ಹೊರಬೇಕು. ಸಾರ್ವಜನಿಕ ಬೀದಿಗಳ ನಿರ್ಮಾಣ, ನಿರ್ವಹಣೆ, ಸುಧಾರಣೆ ಪೌರ ನಿಗಮಗಳ ಕಾಯ್ದೆಯಂತೆ ಪಾಲಿಕೆಯ ಕಡ್ಡಾಯ ಕರ್ತವ್ಯ. ಅದಕ್ಕಾಗಿಯೇ ನಾವು ಮನೆಪಟ್ಟಿ ಕಟ್ಟುತ್ತೇವೆ. ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆ ಮಾನಕಕ್ಕೆ ತಪ್ಪಿದ್ದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮು ಅವಕಾಶ ಕೊಟ್ಟಿದೆ. ಅಂದರೆ ಸರಿಯಾದ ಉಬ್ಬು ಪಾಲಿಕೆ ತೋರುವ ದಯೆಯಲ್ಲ, ಅದರ ಹೊಣೆ.

ಮೂರನೆಯದಾಗಿ, ಮಾಲೀಕರ ವಂತಿಗೆಗೆ ಜಾಗವಿರುವುದು ಸುರಕ್ಷತೆಯ ಆಚೆಗಿನ ಕೆಲಸಕ್ಕೆ. ಓಣಿಯ ಬಾಯಿಗೆ ಫರಸಿ ಹಾಸು, ನೆರಳಿನ ಗಿಡ, ಹಿರಿಯರಿಗೆ ಕಟ್ಟೆ, ಚಂದದ ದೀಪ ಬೇಕೆಂದರೆ ಓಣಿಯವರು ಪಾಲು ಕೊಡಲಿ. ಅದಕ್ಕೆ ಆಸ್ತಿಯ ಬೆಲೆ ಏರುವುದೂ ನಿಜ. ಆದರೆ ನಿಯಮಗಳಿರಲಿ: ವಾಸಕ್ಕೆ ಸಣ್ಣ ಪಾಲು, ವಾಣಿಜ್ಯಕ್ಕೆ ದೊಡ್ಡ ಪಾಲು, ಒಬ್ಬಂಟಿ ವೃದ್ಧರಿಗೆ, ಬಡ ಕುಟುಂಬಗಳಿಗೆ ವಿನಾಯಿತಿ, ಕೆಲಸ ಮುಗಿದ ಮೇಲೆ ಕಂತಿನಲ್ಲಿ ಪಾವತಿ, ಪ್ರತ್ಯೇಕ ಖಾತೆ, ಓಣಿಯ ಬಾಯಿಯಲ್ಲಿ ಜಮಾ-ಖರ್ಚಿನ ಫಲಕ. ತೀರ್ಮಾನದಲ್ಲಿ ಬಾಡಿಗೆದಾರರಿಗೂ ಒಂದು ಮಾತು, ಮಾಲೀಕರಿಗೂ ಒಂದೇ ಮಾತು.

ನಾಲ್ಕನೆಯದಾಗಿ, ಈ ತೀರ್ಮಾನ ನಡೆಯಬೇಕಾದ ಜಾಗ ವಾರ್ಡ್ ಸಮಿತಿ. 1992ರ ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಕೊಟ್ಟಿತು. ರಾಜ್ಯದ ಕಾನೂನು ಅದರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ನಿವಾಸಿ ಸಂಘಗಳಿಗೂ ಸ್ಥಾನ ಮೀಸಲಿಟ್ಟಿದೆ. 82 ವಾರ್ಡುಗಳ ನಮ್ಮ ಪಾಲಿಕೆಯಲ್ಲಿ ಪ್ರತಿ ವಾರ್ಡಿಗೂ ‘ಸುರಕ್ಷಿತ ಓಣಿ’ ಎಂಬ ಹೆಸರಿನಲ್ಲಿ ಬಜೆಟ್‌ನ ಒಂದು ಪಾಲು ನಿಗದಿಯಾಗಿ ಸಿಕ್ಕರೆ, ಯಾವ ಓಣಿಗೆ ಮೊದಲು ಎಂಬುದನ್ನು ಸಮಿತಿಯೇ ಅಪಾಯ ನೋಡಿ ನಿರ್ಧರಿಸಬಹುದು. ಸಹಿ ಹಾಕಿದವರ ಶಕ್ತಿ ಅಲ್ಲಿ ಮಾನದಂಡವಾಗಬಾರದು.

ಹಣ ಕೊಡಲು ಜನ ಹಿಂಜರಿಯುತ್ತಾರೆ ಎನ್ನುವವರಿಗೆ ಒಂದು ನೆನಪು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಪ್ರದೇಶಗಳಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಸುಮಾರಿಗೆ ದಿನದ 24 ಗಂಟೆ ನೀರು ಬಂತು. ಮನೆಮನೆಗೆ ಮೀಟರ್ ಬಂತು. ಜನ ಬಳಸಿದಷ್ಟಕ್ಕೆ ಬಿಲ್ ಕಟ್ಟಿದರು. ಮೊದಲು ನೀರು ಬಂತು, ಆಮೇಲೆ ಬಿಲ್ ಬಂತು. ಓಣಿಯ ಕೆಲಸದಲ್ಲೂ ಕ್ರಮ ಹಾಗೆಯೇ ಇರಬೇಕು.

ಬೆಂಗೇರಿಯ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿಯೊಂದಿಗೆ ಮನೆಪಟ್ಟಿ ಕಟ್ಟಲು ಹೋಗುವಾಗ ಇನ್ನೊಂದು ಕಾಗದವನ್ನೂ ಒಯ್ಯಿರಿ. ಅದರಲ್ಲಿ ನಿಮ್ಮ ಓಣಿಯ ಮಾಲೀಕರ ಸಹಿಯ ಜೊತೆಗೆ ಬಾಡಿಗೆದಾರರ, ಅಂಗಡಿಯವರ, ಶಾಲೆಯ ಶಿಕ್ಷಕರ ಸಹಿಯೂ ಇರಲಿ. ಮೂರು ಬೇಡಿಕೆ ಬರೆಯಿರಿ: ಇಡೀ ಬೆಂಗೇರಿಗೆ ವೇಗ ತಗ್ಗಿಸುವ ಒಂದು ಯೋಜನೆ, ವಾಸದ ಓಣಿಗಳಿಗೆ 30 ಕಿ.ಮೀ. ಮಿತಿ, ಮಾನಕಕ್ಕೆ ತಕ್ಕ ಉಬ್ಬು ಮತ್ತು ದಾಟುದಾರಿಗಳಿಗೆ ಬಜೆಟ್‌ನಲ್ಲಿ ಹಣ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಮನೆಗೆ ಬನ್ನಿರಿ. ಮಕ್ಕಳು ಕ್ಷೇಮವಾಗಿ ಓಣಿ ದಾಟುವುದು ತೆರಿಗೆ ಕಟ್ಟಿದ ಊರಿನ ಹಕ್ಕು. ಅದಕ್ಕೆ ಎರಡನೆಯ ಸಲ ಬೆಲೆ ಕೇಳುವ ಅಧಿಕಾರ ಯಾರಿಗೂ ಇಲ್ಲ.